ಪದಕದ ಅಂಚಿನಲ್ಲಿ ಯಾರ ಹೆಸರು?

ಯುದ್ಧದ ಪದಕದ ಮೇಲೆ ಯಾರ ಹೆಸರಿರಬೇಕು? ಅದನ್ನು ಗಳಿಸಿದ ಸೈನಿಕನದೋ, ತಯಾರಿಸಿದ ಕಾರ್ಖಾನೆಯದೋ? ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಕಳೆದ ಶತಮಾನದಲ್ಲಿ ಎರಡು ಬಾರಿ ಪರಸ್ಪರ ಕಾದಾಡಿದ ಎರಡು ಸಾಮ್ರಾಜ್ಯಗಳು ಇದಕ್ಕೆ ತದ್ವಿರುದ್ಧವಾದ ಉತ್ತರ ಕೊಟ್ಟಿವೆ. ಮೊದಲ ಮಹಾಯುದ್ಧದ ನಂತರ ಬ್ರಿಟಿಷ್ ಸರ್ಕಾರ ಕೊಟ್ಟ ಬೆಳ್ಳಿಯ ಪದಕದ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಅವನ ಪಡೆ ಎಲ್ಲವೂ ಸಾಲಾಗಿ ಕಾಣುತ್ತವೆ. ತಯಾರಿಸಿದವರ ಸುಳಿವು ಅಲ್ಲಿರುವುದಿಲ್ಲ. ಜರ್ಮನಿಯ ‘ಐರನ್ ಕ್ರಾಸ್’ ಎಂಬ ಕಬ್ಬಿಣದ ಶಿಲುಬೆಯಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಅದರ ಪಟ್ಟಿ ಪೋಣಿಸುವ ಬಳೆಯ ಮೇಲೆ ಸಾಸಿವೆಯಷ್ಟು ಅಕ್ಷರದಲ್ಲಿ ತಯಾರಕನ ಗುರುತಿರುತ್ತದೆ. ಅದನ್ನು ಎದೆಯ ಮೇಲೆ ಧರಿಸಿದವನು ಯಾರೆಂಬುದನ್ನು ಲೋಹ ಹೇಳುವುದಿಲ್ಲ. ಅದಕ್ಕೆ ಜೊತೆಯಲ್ಲಿ ಕೊಟ್ಟ ಪ್ರಶಸ್ತಿಪತ್ರವನ್ನೇ ನೋಡಬೇಕು. ಕಾಗದ ಕಳೆದುಹೋದರೆ ಪದಕ ಅನಾಥ.

ಈ ವಿಷಯದತ್ತ ನನ್ನನ್ನು ಎಳೆದದ್ದು ನನ್ನ ಕಸುಬು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಕಾಮಾಕ್ಷಿಪಾಳ್ಯದಲ್ಲಿ ಅಚ್ಚು, ಎಂದರೆ ಡೈ ತಯಾರಿಸುವ ಸಣ್ಣ ಕಾರ್ಖಾನೆ ನಡೆಸಿದವನು. ರಾಜಾಜಿನಗರದ ಕೈಗಾರಿಕಾ ಪ್ರದೇಶದಿಂದ ಮಾಗಡಿ ರಸ್ತೆಯವರೆಗಿನ ಗಲ್ಲಿಗಳನ್ನು ಬಲ್ಲವರಿಗೆ ಅಲ್ಲಿನ ಸದ್ದು ಗೊತ್ತು. ಒಂದು ಮನೆಯಲ್ಲಿ ಲೇತು, ಮುಂದಿನದರಲ್ಲಿ ಪ್ರೆಸ್ಸು, ಅದರಾಚೆ ನಿಕ್ಕಲ್ ಲೇಪನದ ತೊಟ್ಟಿಗಳು. ಶಾಲೆಗಳ ಕ್ರೀಡಾಕೂಟದ ಪದಕ, ಕಾವಲುಗಾರರ ಟೋಪಿಯ ಬಿಲ್ಲೆ, ಬೆಲ್ಟಿನ ಬಕಲ್, ಹೀಗೆ ಲೋಹದ ತಗಡಿನ ಮೇಲೆ ಚಿತ್ರ ಮೂಡಿಸುವ ಕೆಲಸವೇ ನನ್ನ ಬದುಕು. 2004ರ ಸುಮಾರಿಗೆ ಒಬ್ಬರು ಕರವಸ್ತ್ರದಲ್ಲಿ ಸುತ್ತಿದ ಜರ್ಮನ್ ಶಿಲುಬೆಯೊಂದನ್ನು ತಂದು ಇಂಥವು ಇನ್ನೂರು ಬೇಕೆಂದರು. ನಾಟಕದ ವೇಷಕ್ಕೆ ಎಂದು ಹೇಳಿದರು. ಎಲ್ಲ ಮಾತಾದ ಮೇಲೆ, ಬಳೆಯ ಮೇಲಿರುವ ‘4’ ಎಂಬ ಅಂಕಿ ಮಾತ್ರ ತಪ್ಪದೆ ಬರಬೇಕೆಂದು ಮೂರು ಬಾರಿ ಎಚ್ಚರಿಸಿದರು. ನಾಟಕ ನೋಡಲು ಬಂದವನು ಪಾತ್ರಧಾರಿಯ ಎದೆಯ ಮೇಲಿನ ಬಳೆಯ ಅಂಕಿಯನ್ನು ಓದುತ್ತಾನೆಯೇ? ಕೆಲಸ ಒಲ್ಲೆನೆಂದು ಕಳುಹಿಸಿದೆ. ಆ ಅಂಕಿಯ ಮಹತ್ವವೇನೆಂದು ತಿಳಿಯುವ ಹಂಬಲ ಮಾತ್ರ ಉಳಿದುಕೊಂಡಿತು.

ಐರನ್ ಕ್ರಾಸ್ ಹುಟ್ಟಿದ್ದು 1813ರಲ್ಲಿ, ನೆಪೋಲಿಯನ್ ವಿರುದ್ಧದ ಯುದ್ಧದ ಸಮಯದಲ್ಲಿ. ಸ್ಥಾಪಿಸಿದವನು ಪ್ರಷ್ಯಾದ ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮ್. ಮುಂದೆ 1870, 1914 ಮತ್ತು 1939ರಲ್ಲಿ, ಒಂದೊಂದು ಯುದ್ಧ ಬಂದಾಗಲೂ, ಅದನ್ನು ಪುನಃ ಜಾರಿಗೆ ತಂದರು. ರಚನೆ ಸರಳ. ಎರಕದ ಕಬ್ಬಿಣದ ಕಪ್ಪು ತಿರುಳು, ಅದನ್ನು ಹಿಂದೆ ಮುಂದೆ ಅಪ್ಪಿಕೊಂಡ ಬೆಳ್ಳಿ ಬಣ್ಣದ ಎರಡು ಚೌಕಟ್ಟು, ಅಂಚಿನ ಸುತ್ತ ಬೆಸುಗೆ. ಬೇಡಿಕೆ ಲಕ್ಷಗಟ್ಟಲೆ ಇದ್ದುದರಿಂದ ಯಾವ ಒಂದು ಟಂಕಸಾಲೆಗೂ ಅದು ನಿಭಾಯಿಸುವ ಕೆಲಸವಾಗಿರಲಿಲ್ಲ. ಹತ್ತಾರು ಖಾಸಗಿ ಕಾರ್ಖಾನೆಗಳಿಗೆ ಹಂಚಲಾಯಿತು. ಹಂಚಿದ ಮೇಲೆ ಯಾರ ಮಾಲು ಕಳಪೆ ಎಂದು ತಿಳಿಯಬೇಕಲ್ಲ? ಅದಕ್ಕಾಗಿ ಗುರುತು. ಮೊದಲ ಮಹಾಯುದ್ಧದ ಶಿಲುಬೆಗಳಲ್ಲಿ ಅಕ್ಷರಗಳಿವೆ: ಗೊಡೆ ಸಂಸ್ಥೆಯದಕ್ಕೆ ‘ಜಿ’, ಸೀ ಮತ್ತು ವಾಗ್ನರ್ ಸಂಸ್ಥೆಯದಕ್ಕೆ ‘ಎಸ್-ಡಬ್ಲ್ಯು’ ಎಂಬ ರೀತಿ. ಎರಡನೆಯ ಯುದ್ಧದ ವೇಳೆಗೆ ಅಕ್ಷರ ಹೋಗಿ ಅಂಕಿ ಬಂತು.

ಅಂಕಿಗಳಲ್ಲೂ ಎರಡು ಬಗೆ. ಸರ್ಕಾರವೇ ಸೈನಿಕನಿಗೆ ಕೊಡುವ ಪದಕಗಳನ್ನು ಪೂರೈಸುವವರಿಗೆ ರಾಷ್ಟ್ರಾಧ್ಯಕ್ಷರ ಕಾರ್ಯಾಲಯ ಒಂದು ಸಂಖ್ಯೆ ನೀಡುತ್ತಿತ್ತು. ಆದರೆ ಪದಕ ಪಡೆದವರು ದಿನನಿತ್ಯ ಧರಿಸಲು ಇನ್ನೊಂದು ಪ್ರತಿಯನ್ನು ಅಂಗಡಿಯಲ್ಲಿ ಕೊಳ್ಳುವ ರೂಢಿಯಿತ್ತು. ಈ ಚಿಲ್ಲರೆ ವ್ಯಾಪಾರವನ್ನು ಹತೋಟಿಯಲ್ಲಿಡಲು 1941ರಲ್ಲಿ ಪದಕ ತಯಾರಕರ ಸಂಘವೊಂದನ್ನು ಕಟ್ಟಿದರು. ಅದರ ಸಂಖ್ಯೆಗಳಿಗೆ ಮುಂದೆ ‘ಎಲ್’ ಅಕ್ಷರ. ಹೀಗಾಗಿ ಲ್ಯೂಡೆನ್‌ಷೈಡ್ ಊರಿನ ಸ್ಟೈನ್‌ಹವರ್ ಮತ್ತು ಲ್ಯೂಕ್ ಎಂಬ ಒಂದೇ ಸಂಸ್ಥೆ ಸರ್ಕಾರಿ ಪೂರೈಕೆಯಲ್ಲಿ ‘4’, ಅಂಗಡಿಯ ಮಾಲಿನಲ್ಲಿ ‘ಎಲ್/16’. ಮ್ಯೂನಿಕ್‌ನ ಡೆಶ್ಲರ್ ಸಂಸ್ಥೆಗೆ ‘1’, ಇಡಾರ್-ಓಬರ್‌ಸ್ಟೈನ್‌ನ ಕ್ಲೈನ್ ಮತ್ತು ಕ್ವೆಂಟ್ಸರ್‌ಗೆ ‘65’. ನನ್ನಲ್ಲಿಗೆ ಬಂದಿದ್ದ ಗಿರಾಕಿಗೆ ‘4’ ಏಕೆ ಬೇಕಿತ್ತೆಂಬುದು ಆಗ ಅರ್ಥವಾಯಿತು. ಸಂಗ್ರಹಕಾರರು ಕೊಳ್ಳುವುದು ಶಿಲುಬೆಯನ್ನಲ್ಲ, ಅಂಕಿಯನ್ನು.

ಲ್ಯೂಡೆನ್‌ಷೈಡ್ ಬಗ್ಗೆ ಓದಿದಾಗ ನನಗೆ ನಮ್ಮ ಕಾಮಾಕ್ಷಿಪಾಳ್ಯವೇ ನೆನಪಾಯಿತು. ಪಶ್ಚಿಮ ಜರ್ಮನಿಯ ಗುಡ್ಡಗಾಡಿನ ಆ ಊರು ಯುದ್ಧಕ್ಕೆ ಬಹಳ ಮೊದಲೇ ಗುಂಡಿ, ಬಕಲ್, ಸಣ್ಣ ಲೋಹದ ಸಾಮಾನುಗಳಿಗೆ ಹೆಸರಾಗಿತ್ತು. ಕೋಟಿನ ಗುಂಡಿ ಹೊಡೆಯುತ್ತಿದ್ದ ಪ್ರೆಸ್ಸುಗಳೇ ಪದಕವನ್ನೂ ಹೊಡೆದವು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಲು ಮನಸ್ಸಾಗುವುದಿಲ್ಲ. ಅದೇ ಊರಿನ ಬಳಿ ಹುನ್ಸ್‌ವಿಂಕೆಲ್ ಎಂಬಲ್ಲಿ ಗೆಸ್ಟಾಪೊ ನಡೆಸುತ್ತಿದ್ದ ಶ್ರಮಶಿಬಿರವಿತ್ತು. ಅಲ್ಲಿ ಬಂದಿಗಳಿಂದ ಅಣೆಕಟ್ಟೆಯ ಕೆಲಸ ಮಾಡಿಸುತ್ತಿದ್ದರು. ತಯಾರಕರ ಪಟ್ಟಿಗಳನ್ನು ಬಾಯಿಪಾಠ ಮಾಡಿದ ಸಂಗ್ರಹಕಾರರ ಮಾತಿನಲ್ಲಿ ಇದು ಬರುವುದನ್ನು ನಾನು ಕೇಳಿಲ್ಲ.

ಇನ್ನು, ಅಂಕಿಯನ್ನು ನಂಬಬಹುದೇ? ಕಸುಬಿನವನಾಗಿ ನನ್ನ ಉತ್ತರ: ಎಲ್ಲಕ್ಕಿಂತ ಕೊನೆಗೆ ನಂಬಬೇಕಾದದ್ದು ಅದನ್ನು. ಒಂದು ಸಣ್ಣ ಪಂಚು, ಒಂದು ಸುತ್ತಿಗೆಯಿದ್ದರೆ ಯಾವ ಬಳೆಯ ಮೇಲೂ ಯಾವ ಅಂಕಿಯನ್ನೂ ಹೊಡೆಯಬಹುದು. ಮೊದಲು ನೋಡಬೇಕಾದದ್ದು ವಸ್ತು ಹುಟ್ಟಿದ ಬಗೆ. ಅಚ್ಚಿನ ಕೆಳಗೆ ಒತ್ತಡದಿಂದ ಮೂಡಿದ ಚೌಕಟ್ಟಿನ ಗೆರೆಗಳು ಚೂಪಾಗಿರುತ್ತವೆ, ಮೂಲೆಗಳು ನಿಖರವಾಗಿರುತ್ತವೆ. ಅಸಲಿ ಪದಕವನ್ನೇ ಮಾದರಿಯಾಗಿಟ್ಟು ಎರಕ ಹೊಯ್ದ ನಕಲಿನಲ್ಲಿ ಗೆರೆಗಳು ಮೊಂಡಾಗುತ್ತವೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು ಉಳಿಯುತ್ತವೆ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಹಿತ್ತಾಳೆಯಾದರೆ ನೂರಕ್ಕೆ ಒಂದೂವರೆ ಪಾಲಿನಷ್ಟು. ಆದ್ದರಿಂದ ಎರಕದ ನಕಲು ತನ್ನ ತಾಯಿಗಿಂತ ಕೂದಲೆಳೆ ಚಿಕ್ಕದು. ಕಣ್ಣಿಗೆ ಕಾಣದು, ವರ್ನಿಯರ್‌ಗೆ ಸಿಗುತ್ತದೆ. ಅಯಸ್ಕಾಂತ ಹಿಡಿದರೆ ತಿರುಳು ಕಬ್ಬಿಣವೋ ಅಲ್ಲವೋ ಎಂಬುದೂ ತಿಳಿಯುತ್ತದೆ. ಇವೆಲ್ಲ ಪಟ್ಟಿಯ ಪುಸ್ತಕ ತೆರೆಯುವ ಮೊದಲೇ ಮಾಡಬಹುದಾದ ಪರೀಕ್ಷೆಗಳು.

ಅದಕ್ಕಿಂತ ಸೂಕ್ಷ್ಮವಾದದ್ದು ಅಚ್ಚಿನ ಬಿರುಕು. ಗಡಸುಗೊಳಿಸಿದ ಉಕ್ಕಿನ ಅಚ್ಚು ಸಾವಿರಾರು ಪೆಟ್ಟು ತಿಂದ ಮೇಲೆ ಎಲ್ಲೋ ಒಂದು ಕಡೆ ಕೂದಲಿನಂತೆ ಸೀಳುತ್ತದೆ. ಅಲ್ಲಿಂದ ಮುಂದೆ ಹೊಡೆದ ಪ್ರತಿಯೊಂದು ತುಣುಕಿನ ಮೇಲೂ ಆ ಸೀಳು ಉಬ್ಬಿದ ಗೆರೆಯಾಗಿ ಮೂಡುತ್ತದೆ. ದಿನ ಕಳೆದಂತೆ ಗೆರೆ ಬೆಳೆಯುತ್ತದೆ. ಎರಡು ಪದಕಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಗೆರೆ ಕಂಡರೆ, ಬಳೆಯ ಮೇಲಿನ ಅಂಕಿ ಬೇರೆಬೇರೆಯಾದರೂ ಅವು ಒಂದೇ ಅಚ್ಚಿನ ಮಕ್ಕಳು. ಗೆರೆ ಚಿಕ್ಕದಿರುವುದು ಅಣ್ಣ, ದೊಡ್ಡದಿರುವುದು ತಮ್ಮ. ಐರನ್ ಕ್ರಾಸ್‌ನ ಮೇಲ್ದರ್ಜೆಯಾದ ‘ನೈಟ್ಸ್ ಕ್ರಾಸ್’ ಏಳು ಸಾವಿರದ ಚಿಲ್ಲರೆ ಜನರಿಗಷ್ಟೇ ಸಿಕ್ಕಿತ್ತು. ಬೆಲೆ ಹೆಚ್ಚು, ಆದ್ದರಿಂದ ಮೋಸವೂ ಹೆಚ್ಚು. ಅದರ ಚೌಕಟ್ಟಿನ ಮಣಿಸಾಲಿನಲ್ಲಿ ಕಾಣುವ ಇಂಥ ದೋಷಗಳನ್ನು ಹಿಡಿದೇ ಸಂಶೋಧಕರು ಸ್ಟೈನ್‌ಹವರ್ ಮತ್ತು ಲ್ಯೂಕ್ ಸಂಸ್ಥೆಯ ಶಿಲುಬೆಗಳನ್ನು ಸಾಲಿಗೆ ಹಚ್ಚಿದ್ದಾರೆ. ನಮ್ಮ ಗಲ್ಲಿಯ ಯಾವ ಡೈ ಫಿಟ್ಟರ್‌ಗೆ ತೋರಿಸಿದರೂ ಆತ ಅದನ್ನು ಒಪ್ಪುತ್ತಾನೆ.

ಆದರೆ ಇಲ್ಲೊಂದು ತೊಡಕಿದೆ. ಅಚ್ಚು ಯುದ್ಧ ಮುಗಿದ ದಿನ ಸಾಯುವುದಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿ ಒಂದು ಕಾನೂನು ಮಾಡಿ, ಸ್ವಸ್ತಿಕದ ಚಿಹ್ನೆಯನ್ನು ತೆಗೆದುಹಾಕಿದ ರೂಪದಲ್ಲಿ ಹಳೆಯ ಸೈನಿಕರು ತಮ್ಮ ಪದಕಗಳನ್ನು ಧರಿಸಬಹುದೆಂದಿತು. ಐರನ್ ಕ್ರಾಸ್‌ನ ನಡುವೆ ಸ್ವಸ್ತಿಕದ ಬದಲು ಓಕ್ ಎಲೆಗಳು ಬಂದವು. ತಯಾರಿಸಿದವರಲ್ಲಿ ಯುದ್ಧಕಾಲದ ಹಳೆಯ ಕಾರ್ಖಾನೆಗಳೂ ಇದ್ದವು. ಒಂದೇ ಕೈ, ಒಂದೇ ಪ್ರೆಸ್ಸು, ಕೆಲವೊಮ್ಮೆ ಒಂದೇ ಅಚ್ಚು. ಕಾಲ ಮಾತ್ರ ಬೇರೆ. ‘ತಯಾರಕ ಯಾರು’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಮೇಲೂ ‘ಯಾವಾಗ’ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಈ ತೊಡಕು ನಮ್ಮವರನ್ನೂ ಬಿಟ್ಟಿಲ್ಲ. ಸುಭಾಷ್‌ಚಂದ್ರ ಬೋಸರು 1941ರಲ್ಲಿ ಜರ್ಮನಿ ತಲುಪಿ, ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಿಂದ ಒಂದು ಪಡೆ ಕಟ್ಟಿದ್ದು ಗೊತ್ತೇ ಇದೆ. 1942ರಲ್ಲಿ ಅವರು ‘ಆಜಾದ್ ಹಿಂದ್’ ಹೆಸರಿನ ಪದಕಗಳ ಶ್ರೇಣಿಯೊಂದನ್ನು ಸ್ಥಾಪಿಸಿದರು. ಶೇರ್-ಎ-ಹಿಂದ್, ಸರ್ದಾರ್-ಎ-ಜಂಗ್, ವೀರ್-ಎ-ಹಿಂದ್, ಶಹೀದ್-ಎ-ಭಾರತ್ ಎಂಬ ದರ್ಜೆಗಳು. ರಣರಂಗದ ಸಾಧನೆಗೆ ಕೊಟ್ಟವುಗಳಿಗೆ ಕತ್ತಿಗಳ ಜೋಡಿ. ಇವನ್ನು ತಯಾರಿಸಿದ್ದು ವಿಯೆನ್ನಾದ ರುಡಾಲ್ಫ್ ಸೂವಾಲ್ ಸಂಸ್ಥೆ. ಜರ್ಮನ್ ತಯಾರಕರ ಸಂಘದ ಪಟ್ಟಿಯಲ್ಲಿ ಅದರ ಸಂಖ್ಯೆ ‘ಎಲ್/58’. ಯುದ್ಧ ಮುಗಿದ ಮೇಲೂ ಸೂವಾಲ್ ಬಾಗಿಲು ಮುಚ್ಚಲಿಲ್ಲ. ಸಂಗ್ರಹಕಾರರ ಬೇಡಿಕೆಗೆ ತಕ್ಕಂತೆ ಹಳೆಯ ಮಾದರಿಗಳನ್ನು ಮತ್ತೆ ಹೊಡೆಯಿತು. ಇಂದು ಹರಾಜುಗಳಲ್ಲಿ ಕಾಣುವ ಆಜಾದ್ ಹಿಂದ್ ಪದಕಗಳಲ್ಲಿ ಇಂಥವೇ ಬಹಳ. ಅವನ್ನು ನಕಲಿ ಎನ್ನೋಣವೇ? ಮಾಡಿದವರು ಅಸಲಿ ತಯಾರಕರೇ. ಆದರೆ ಯಾವ ಸೈನಿಕನ ಎದೆಯನ್ನೂ ಅವು ಮುಟ್ಟಿಲ್ಲ. ನೇತಾಜಿಯ ಮೇಲಿನ ಅಭಿಮಾನದಿಂದ ಇದಕ್ಕೆ ದೊಡ್ಡ ಮೊತ್ತ ತೆರುವವರು, ವಿಯೆನ್ನಾದ ಮುದ್ರೆಯೊಂದನ್ನೇ ನೋಡಿ ಸಮಾಧಾನಪಡುವುದು ಸರಿಯಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇಷ್ಟೆಲ್ಲ ಹೇಳಲು ಕಾರಣವಾದದ್ದು ವಿಜಯನಗರದ ಒಂದು ಮನೆ. ನಿವೃತ್ತಿಯ ನಂತರ ನನ್ನ ಭೂತಗನ್ನಡಿಯ ಸುದ್ದಿ ಹೇಗೋ ಹರಡಿ, ಆಗಾಗ ಯಾರಾದರೂ ಹಳೆಯ ನಾಣ್ಯವನ್ನೋ ಬಿಲ್ಲೆಯನ್ನೋ ತೋರಿಸಲು ಕರೆಯುವುದುಂಟು. ಆ ಮನೆಯ ಹಿರಿಯರು ಎಪ್ಪತ್ತು ದಾಟಿದವರು. ಅವರ ತಾತ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ತುರ್ಕಿ ಮತ್ತು ಜರ್ಮನ್ ಸೇನೆಯಿಂದ ಗೆದ್ದದ್ದು ಜೋಧಪುರ ಮತ್ತು ಮೈಸೂರಿನ ಅಶ್ವದಳಗಳು; ಜೋಧಪುರದವರು ಊರಿನತ್ತ ನುಗ್ಗಿದರೆ ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿದರು. ಅಂದು ಸೆರೆಸಿಕ್ಕವರು 1,350ಕ್ಕೂ ಹೆಚ್ಚು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸೈನಿಕನದು. ನಮ್ಮ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕವಿದೆ.

ಮನೆಯಲ್ಲಿ ನಡೆದುಬಂದ ಕಥೆ ಹೀಗಿತ್ತು: ಹೈಫಾದ ದಿನ ತಾತ ಒಬ್ಬ ಜರ್ಮನ್ ಅಧಿಕಾರಿಯನ್ನು ಸೆರೆಹಿಡಿದರು, ಅವನ ಎದೆಯ ಮೇಲಿದ್ದ ಶಿಲುಬೆಯನ್ನು ಕಿತ್ತು ತಂದರು. ಆ ಶಿಲುಬೆ ದೇವರ ಮನೆಯ ಗೂಡಿನಲ್ಲಿತ್ತು. ಅದರ ನಡುವೆ ಸ್ವಸ್ತಿಕ ಇದ್ದುದರಿಂದ ಅಜ್ಜಿ ಹಬ್ಬಹುಣ್ಣಿಮೆಗೆ ಕುಂಕುಮವನ್ನೂ ಹಚ್ಚುತ್ತಿದ್ದರಂತೆ. ಹಿಂಬದಿಯ ‘1813’ ಮಾತ್ರ ಎಲ್ಲರಿಗೂ ಓದಲು ಸಿಗುತ್ತಿತ್ತು. ಅಮೆರಿಕದಲ್ಲಿರುವ ಮೊಮ್ಮಗನ ಗೆಳೆಯರೊಬ್ಬರು ಚಿತ್ರ ನೋಡಿ, ತಯಾರಕರ ಗುರುತು ಇದ್ದರೆ ಒಳ್ಳೆಯ ಬೆಲೆ ಬರುತ್ತದೆ ಎಂದಿದ್ದರು. “ಯಾರು ಮಾಡಿದ್ದು ಅಂತ ಒಂದು ಸ್ವಲ್ಪ ನೋಡಿ ಹೇಳಿ ಸಾರ್” ಎಂದು ಹಿರಿಯರು ಅದನ್ನು ನನ್ನ ಕೈಗಿತ್ತರು.

ಒದ್ದೆ ಬಟ್ಟೆಯಿಂದ ಕೆಳತೋಳಿನ ಕುಂಕುಮವನ್ನು ತೆಗೆದಾಗ ‘1939’ ಎಂಬ ವರ್ಷ ಕಂಡಿತು. ಹೈಫಾ ಬಿದ್ದು ಇಪ್ಪತ್ತೊಂದು ವರ್ಷವಾದ ಮೇಲಿನ ಮಾದರಿ ಅದು. 1914ರ ಶಿಲುಬೆಯಾಗಿದ್ದರೆ ಅಲ್ಲಿ ಕಿರೀಟ, ದೊರೆಯ ‘ಡಬ್ಲ್ಯು’ ಅಕ್ಷರ ಇರಬೇಕಿತ್ತು. ಸ್ವಸ್ತಿಕ ಇರಲು ಸಾಧ್ಯವೇ ಇಲ್ಲ. ಬಳೆಯ ಮೇಲೆ ‘65’ ಇತ್ತು. ಅಯಸ್ಕಾಂತ ಹಿಡಿಯಲಿಲ್ಲ. ಅಂಚಿನಲ್ಲಿ ಬೆಸುಗೆಯ ಸೀಮೆಯೇ ಇಲ್ಲ, ಎಲ್ಲ ಒಂದೇ ಎರಕ. ಯಾವುದೋ ಕಾಲದಲ್ಲಿ ಯಾರೋ ಭಾನುವಾರದ ಸಂತೆಯಿಂದ ತಂದದ್ದಿರಬೇಕು. ತಾತನ ಕಥೆಗೆ ಸಾಕ್ಷಿ ಬೇಕೆನಿಸಿದ ಮಗನೋ ಅಳಿಯನೋ ಅದನ್ನು ಗೂಡಿನಲ್ಲಿಟ್ಟಿರಬೇಕು. ಹಿರಿಯರಿಗೆ ಇದನ್ನು ಹೇಳುವುದು ಸುಲಭವಾಗಿರಲಿಲ್ಲ. ಆದರೆ ಹೇಳದಿರಲು ನನಗೆ ಯಾವ ಹಕ್ಕೂ ಇರಲಿಲ್ಲ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದರೆ ತಾತ ಹೋಗಿದ್ದೇ ಸುಳ್ಳಾ?” ಎಂದು ಕೇಳಿದರು.

ತಾತನದೇ ಆದ ವಸ್ತು ಬೇರೇನಾದರೂ ಇದೆಯೇ ಎಂದು ನಾನು ಕೇಳಿದೆ. ಬೀರುವಿನ ಒಳಗಿಂದ, ಕರಗಿಸಲು ಎತ್ತಿಟ್ಟಿದ್ದ ಮುರಿದ ಕಾಲುಂಗುರ, ಸವೆದ ಉಡಿದಾರಗಳ ಪೊಟ್ಟಣ ಬಂತು. ಅದರೊಳಗೆ ಒಂದು ದುಂಡನೆಯ ಬೆಳ್ಳಿ ಬಿಲ್ಲೆ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆ, ಇನ್ನೊಂದರಲ್ಲಿ ಕುದುರೆಯೇರಿದ ಬತ್ತಲೆ ಸವಾರ. ಅಂಗಡಿಯವರು ತೂಕಕ್ಕೆ ಬೆಲೆ ಕಟ್ಟಿದ್ದರಂತೆ, ಮೂವತ್ತು ಗ್ರಾಂ ಆಸುಪಾಸು. ಅಂಚನ್ನು ಓರೆ ಬೆಳಕಿಗೆ ಹಿಡಿದೆ. ಸಂಖ್ಯೆ, ‘ಸವಾರ್’ ಎಂಬ ದರ್ಜೆ, ಇಂಗ್ಲಿಷ್ ಅಕ್ಷರಗಳಲ್ಲಿ ತಾತನ ಹೆಸರು, ಅದರ ಮುಂದೆ ಸಂಕ್ಷೇಪದಲ್ಲಿ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್. ಮನೆಯವರು ಒಬ್ಬೊಬ್ಬರಾಗಿ ಗಾಜಿನಲ್ಲಿ ಕಣ್ಣಿಟ್ಟು ಓದಿದರು. ಹಿರಿಯರು ಮಾತ್ರ ಅಕ್ಷರಗಳ ಮೇಲೆ ಹೆಬ್ಬೆರಳು ಸವರಿ ನೋಡಿದರು.

ಈ ಪದಕದ ತಯಾರಕರು ಯಾರೆಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳಬಾರದ ಪ್ರಶ್ನೆಯೇನಲ್ಲ ಅದು. ಭಾರತೀಯ ಸೈನಿಕರಿಗೆ ಕೊಟ್ಟ ಅನೇಕ ಪದಕಗಳು ಕಲ್ಕತ್ತಾ ಟಂಕಸಾಲೆಯಲ್ಲಿ ಸಿದ್ಧವಾದವು. 1908ರಿಂದ 1935ರವರೆಗಿನ ಗಡಿ ಕಾರ್ಯಾಚರಣೆಗಳಿಗೆ ಕೊಟ್ಟ ‘ಇಂಡಿಯಾ ಜನರಲ್ ಸರ್ವಿಸ್’ ಪದಕವನ್ನು ಲಂಡನ್ನಿನ ಟಂಕಸಾಲೆಯೂ ಕಲ್ಕತ್ತಾದ್ದೂ ಹೊಡೆದವು. ಮುಖ ನೋಡಿದರೆ ವ್ಯತ್ಯಾಸವಿಲ್ಲ, ಬಿಲ್ಲೆಯನ್ನು ತೂಗುಪಟ್ಟಿಗೆ ಕಚ್ಚಿ ಹಿಡಿಯುವ ಲೋಹದ ಉಗುರಿನ ಆಕಾರದಲ್ಲಿ ಮಾತ್ರ ಇದೆ. ಹೀಗೆ ನಮ್ಮಲ್ಲೂ ತಯಾರಕರನ್ನು ಗುರುತಿಸುವ ಶಾಸ್ತ್ರಕ್ಕೆ ವಸ್ತುವಿದೆ. ಆದರೆ ಅಂಚಿನ ಮೇಲೊಂದು ಹೆಸರಿರುವಾಗ ಅದನ್ನು ಮೊದಲು ಓದಬೇಕಲ್ಲವೇ? ಎರಡನೆಯ ಮಹಾಯುದ್ಧದ ಪದಕಗಳನ್ನು ಬ್ರಿಟನ್ನು ತನ್ನ ಸ್ವಂತ ಸೈನಿಕರಿಗೆ ಹೆಸರಿಲ್ಲದೆಯೇ ಕೊಟ್ಟಿತು. ಭಾರತೀಯ ಸೈನಿಕರಿಗೆ ಕೊಟ್ಟವುಗಳ ಮೇಲೆ ಹೆಸರು ಹೊಡೆಯುವ ಪದ್ಧತಿ ಮುಂದುವರಿಯಿತು. ಸ್ವತಂತ್ರ ಭಾರತವೂ ಅದನ್ನು ಉಳಿಸಿಕೊಂಡಿತು. ಈ ಒಂದು ವಿಷಯದಲ್ಲಿ ನಮ್ಮ ಸೈನಿಕ ಅದೃಷ್ಟವಂತ.

ಅದೃಷ್ಟವನ್ನು ನಾವು ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದೇವೆ. 1980ರ ಸುಮಾರಿಗೆ ಬೆಳ್ಳಿಯ ಬೆಲೆ ಏಕಾಏಕಿ ಏರಿದಾಗ ಬ್ರಿಟನ್ನಿನಲ್ಲೇ ಈ ಪದಕಗಳು ರಾಶಿರಾಶಿಯಾಗಿ ಮೂಸೆಗೆ ಬಿದ್ದವು. ಬೆಳ್ಳಿ ಮತ್ತೆ ಮತ್ತೆ ಏರುವ ಈ ದಿನಗಳಲ್ಲಿ ನಮ್ಮ ಅವೆನ್ಯೂ ರಸ್ತೆಯ ಸುತ್ತಮುತ್ತ ಏನಾಗುತ್ತಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮೈಸೂರು ಲ್ಯಾನ್ಸರ್ಸ್ ಇಂದು ಪ್ರತ್ಯೇಕ ಪಡೆಯಾಗಿ ಉಳಿದಿಲ್ಲ. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ ಕಟ್ಟಿದ 61ನೇ ಕ್ಯಾವಲ್ರಿಯಲ್ಲಿ ಅದು ಬೆರೆತುಹೋಯಿತು. ಬೆಂಗಳೂರಿನಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಯಾಗಲಿ, ವಸ್ತುಸಂಗ್ರಹಾಲಯವಾಗಲಿ, ಸೈನಿಕ ಕಲ್ಯಾಣ ಇಲಾಖೆಯಾಗಲಿ ವರ್ಷಕ್ಕೆ ಎರಡು ಭಾನುವಾರ ಒಂದು ಮೇಜು, ಒಂದು ಕ್ಯಾಮೆರಾ ಇಟ್ಟುಕೊಂಡು ಕೂತು, ಜನ ತರುವ ಪದಕಗಳ ಅಂಚಿನ ಚಿತ್ರ ತೆಗೆದು ದಾಖಲಿಸಿದರೆ ಆಗುವ ಖರ್ಚು ಅತ್ಯಲ್ಪ. ಪದಕವನ್ನು ಇಲಾಖೆ ಇಟ್ಟುಕೊಳ್ಳುವ ಅಗತ್ಯವಿಲ್ಲ. ಅಂಚು ಸಾಕು.

ಅದಾಗುವವರೆಗೆ ಮನೆಯಲ್ಲೇ ಮಾಡಬಹುದಾದದ್ದು ಇಷ್ಟು. ಪದಕವನ್ನು ಹುಣಿಸೆಹಣ್ಣು, ಸೀಗೆಪುಡಿ ಹಾಕಿ ತಿಕ್ಕಬೇಡಿ. ಎರಡು ತಲೆಮಾರು ತಿಕ್ಕಿದರೆ ಅಂಚಿನ ಅಕ್ಷರ ಮಾಸುತ್ತದೆ. ಮೇಜುದೀಪವನ್ನು ಓರೆಯಾಗಿಟ್ಟು, ಪದಕವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ನಾಲ್ಕೈದು ಚಿತ್ರ ತೆಗೆಯಿರಿ. ಕಂಡ ಅಕ್ಷರವನ್ನು ಕಂಡಂತೆಯೇ ಬರೆದುಕೊಳ್ಳಿ, ಹೆಸರಿನ ಕಾಗುಣಿತ ತಪ್ಪಿದೆಯೆಂದು ತಿದ್ದಬೇಡಿ. ಆಗಿನ ಗುಮಾಸ್ತರು ಕನ್ನಡದ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದರು. ದಾಖಲೆಯಲ್ಲಿ ಹುಡುಕುವಾಗ ಆ ತಪ್ಪು ಕಾಗುಣಿತವೇ ಬೀಗದಕೈ.

ವಿಜಯನಗರದ ಮನೆಯವರು ಹಾಗೆಯೇ ಮಾಡಿ ಚಿತ್ರಗಳನ್ನು ಬಂಧುಗಳಿಗೆಲ್ಲ ಕಳುಹಿಸಿದರು. ವಾರದೊಳಗೆ ಕೆಂಗೇರಿಯಲ್ಲಿರುವ ಹಿರಿಯರ ತಂಗಿಯ ಮನೆಯಿಂದ ಮರುಚಿತ್ರ ಬಂತು. ಮಕ್ಕಳ ಆಟಿಕೆಗಳ ಡಬ್ಬಿಯಲ್ಲಿ ಬಿದ್ದಿದ್ದ, ರೆಕ್ಕೆಯ ದೇವತೆಯಿರುವ ಒಂದು ಕಂಚಿನ ಪದಕ. ಅಂಚಿನ ಮೇಲಿನ ಸಂಖ್ಯೆ ಅದೇ, ಹೆಸರೂ ಅದೇ. ಹೆಸರಿನ ಕಾಗುಣಿತದಲ್ಲಿ ಮಾತ್ರ ಒಂದಕ್ಷರ ವ್ಯತ್ಯಾಸ.